ಅಂಬಾಸಿಡರಿಗೆ 250 ಎಚ್‌ಪಿ ಎಂಜಿನ್: ಕಡಿಮೆ ಖರ್ಚಿನಲ್ಲಿ ಗಟ್ಟಿ ಹಿಂದಿನ ಆಕ್ಸಲ್ ಯಾವುದು?

ಕೂಳೂರು_ಅಂಬಿ:

ಎಲ್ಲರಿಗೂ ನಮಸ್ಕಾರ. ಗಾಡಿ ಅಂಬಾಸಿಡರ್, ಟರ್ಬೊ ಪೆಟ್ರೋಲ್ ಎಂಜಿನ್ ಕೂರಿಸಿ ಆಗಿದೆ. 250 ಎಚ್‌ಪಿ, 380 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಮೊದಲ ಗೇರ್ 3.3, ಐದನೆಯದು 0.8. ವೇಬ್ರಿಜ್‌ನಲ್ಲಿ ಒಟ್ಟು 1240 ಕೆ.ಜಿ., ಅದರಲ್ಲಿ ಹಿಂದಿನ ಚಕ್ರಗಳ ಮೇಲೆ 570. ಟೈರಿನ ತ್ರಿಜ್ಯ 31 ಸೆಂ.ಮೀ. ಹಿಂದೆ ಕಂಪನಿಯ ಆಕ್ಸಲ್, ಕಂಪನಿಯದೇ ಪಟ್ಟಿ ಸ್ಪ್ರಿಂಗ್. ಓಡಿಸುವುದು ಹೆಚ್ಚಾಗಿ ಮೈದಾನದ ಆಟೋಕ್ರಾಸಿನಲ್ಲಿ, ಆಗೊಮ್ಮೆ ಈಗೊಮ್ಮೆ ಡ್ರ್ಯಾಗ್. ಚಕ್ರ ತಿರುಗಿಸುವ ಎಡಬದಿಯ ಶಾಫ್ಟ್ ಸ್ಪ್ಲೈನ್ (ತುದಿಯಲ್ಲಿ ಕೊರೆದ ಹಲ್ಲು) ಹತ್ತಿರ ಎರಡು ಸಲ ತುಂಡಾಯಿತು.

ಬಜೆಟ್ 60 ಸಾವಿರದ ಒಳಗೆ. ಅಮೆರಿಕದವರು ಎಲ್ಲ ಕಡೆ ಫೋರ್ಡ್ 8.8, ಫೋರ್ಡ್ 9 ಇಂಚು ಆಕ್ಸಲ್ ಅಂತ ಬರೀತಾರೆ. ಅದನ್ನು ತರಿಸುವುದಾ, ಇಲ್ಲಿ ಗುಜರಿಯಲ್ಲಿ ಸಿಗುವ ಕ್ವಾಲಿಸ್, ಟವೇರಾ, ಬೊಲೆರೊ ಆಕ್ಸಲ್ ಸಾಕಾ? ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ವೆಲ್ಡ್ ಮಾಡಿಸಿ ಅಂತಲೂ ಒಬ್ಬರು ಹೇಳಿದರು.

ಬೈಕಂಪಾಡಿ_ಲೇತ್:

ಎಚ್‌ಪಿ ಲೆಕ್ಕ ಇಲ್ಲಿ ಬೇಡ ಮಾರಾಯ್ರೆ. ಶಾಫ್ಟ್ ಮುರಿಯುವುದು ಟಾರ್ಕಿಗೆ, ಆ ಟಾರ್ಕಿಗೆ ಮಿತಿ ಹಾಕುವುದು ಟೈರು.

ನಿಮ್ಮ ಅಂಕಿಯಲ್ಲೇ ನೋಡಿ. ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟಿನ ಸುತ್ತು ಎಷ್ಟು ಅನ್ನುವುದು) 3.9 ಅಂತ ಇಟ್ಟುಕೊಂಡರೆ ಮೊದಲ ಗೇರಿನಲ್ಲಿ 380 × 3.3 × 3.9, ಅಂದರೆ ಸುಮಾರು 4890 ನ್ಯೂಟನ್ ಮೀಟರ್ ಹಿಂದೆ ಬರಬೇಕು. ಆದರೆ ಅಷ್ಟನ್ನು ನೆಲಕ್ಕೆ ಒತ್ತಲು ಟೈರಿಗೆ ಹಿಡಿತ ಇಲ್ಲ. ಹೊರಡುವಾಗ ಭಾರ ಹಿಂದಕ್ಕೆ ಸರಿದು 570 ಇದ್ದದ್ದು 720 ಕೆ.ಜಿ.ಯಷ್ಟು ಆಗ್ತದೆ. ಒಣ ಡಾಂಬರಿನ ಮೇಲೆ ಸಾಮಾನ್ಯ ಟೈರಿನ ಘರ್ಷಣೆ ಗುಣಾಂಕ 0.9 ಹಿಡಿದರೆ 720 × 9.81 × 0.9 × 0.31, ಸುಮಾರು 2000 ನ್ಯೂಟನ್ ಮೀಟರ್. ಅದರಿಂದ ಮೇಲೆ ಚಕ್ರ ಸುಮ್ಮನೆ ತಿರುಗ್ತದೆ. ಓಪನ್ (ಲಾಕ್ ಇಲ್ಲದ) ಡಿಫರೆನ್ಷಿಯಲ್ ಆದರೆ ಒಂದು ಶಾಫ್ಟಿಗೆ ಅದರ ಅರ್ಧ, 1000. ಮೆದು ರೇಸ್ ಟೈರ್ ಹಾಕಿ ಗುಣಾಂಕ 1.2 ಆದರೆ ಒಟ್ಟು 2600 ದಾಟ್ತದೆ. ಹಾಗಾಗಿ ಆಕ್ಸಲ್ ಆರಿಸುವ ಮೊದಲು ಟೈರ್ ಯಾವುದು ಅಂತ ನಿಶ್ಚಯ ಮಾಡಿ.

ಶಾಫ್ಟಿನ ಬಲ ಹೋಗುವುದು ವ್ಯಾಸದ ಘನಕ್ಕೆ. 28 ಮಿ.ಮೀ. ಬದಲು 33 ಮಿ.ಮೀ. ಹಾಕಿದರೆ ವ್ಯಾಸ ಹೆಚ್ಚಿದ್ದು ಶೇ. 18, ಬಲ ಹೆಚ್ಚಿದ್ದು ಶೇ. 64. 1000 ನ್ಯೂಟನ್ ಮೀಟರಿಗೆ 28ರ ಶಾಫ್ಟಿನ ಮೇಲ್ಮೈಯಲ್ಲಿ ಸುಮಾರು 230 ಮೆಗಾಪಾಸ್ಕಲ್ ಒತ್ತಡ, 33ರಲ್ಲಿ 140. ಸರಿಯಾಗಿ ಹದ ಹಾಕಿದ ಉಕ್ಕಿಗೆ ಇದು ಯಾವುದೂ ಮುರಿಯುವಷ್ಟಲ್ಲ. ಹಾಗಾದರೆ ನಿಮ್ಮದು ಮುರಿದದ್ದು ಯಾಕೆ? ತುಂಡನ್ನು ಬಿಸಾಡದಿದ್ದರೆ ಒಮ್ಮೆ ನೋಡಿ. ಮುರಿದ ಮುಖದಲ್ಲಿ ಅಲೆ ಅಲೆಯಾಗಿ ಗೆರೆ ಇದ್ದರೆ ದಿನ ಹೋದ ಹಾಗೆ ಬಿರುಕು ಬೆಳೆದು ಮುರಿದದ್ದು. ಸ್ಪ್ಲೈನ್ ಸಾಲು ಹಗ್ಗ ಹೊಸೆದ ಹಾಗೆ ತಿರುಚಿದ್ದರೆ ಒಮ್ಮೆಲೇ ಬಿದ್ದ ಪೆಟ್ಟು.

ಪಟ್ಟಿ ಸ್ಪ್ರಿಂಗ್ ಗಾಡಿಯಲ್ಲಿ ಆ ಪೆಟ್ಟು ಬರುವುದು ಆಕ್ಸಲ್ ಕುಣಿತದಿಂದ. ಹೌಸಿಂಗ್ (ಆಕ್ಸಲಿನ ಹೊರಕವಚ) ಮೂತಿ ಮೇಲೆತ್ತಿ ಪಟ್ಟಿ ಎಸ್ ಆಕಾರಕ್ಕೆ ಬಾಗ್ತದೆ, ಟೈರು ಹಿಡಿತ ಬಿಡ್ತದೆ, ಪಟ್ಟಿ ವಾಪಸ್ ಚಿಮ್ಮಿ ಟೈರು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಸಲ ಇದೇ ನಡೀತದೆ. ಹಿಡಿದ ಪ್ರತಿ ಸಲವೂ ತಿರುಗುತ್ತಿದ್ದ ಫ್ಲೈವ್ಹೀಲಿನ ಶಕ್ತಿಯೆಲ್ಲ ಶಾಫ್ಟಿನ ಮೇಲೆ ಬೀಳ್ತದೆ. ಮೇಲಿನ ಲೆಕ್ಕದ 1000 ಆ ಗಳಿಗೆಗೆ ಅನ್ವಯವೇ ಆಗುವುದಿಲ್ಲ. ಕ್ಲಚ್ ಫಕ್ಕನೆ ಬಿಟ್ಟರೆ ಇನ್ನೂ ಜಾಸ್ತಿ. ಇದನ್ನು ನಿಲ್ಲಿಸದೆ ಎಂಥ ದಪ್ಪ ಆಕ್ಸಲ್ ಹಾಕಿದರೂ ಮುಂದೆ ಕ್ರೌನ್ ಪಿನಿಯನ್ (ಆಕ್ಸಲಿನೊಳಗಿನ ದೊಡ್ಡ, ಚಿಕ್ಕ ಗೇರಿನ ಜೋಡಿ) ಅಥವಾ ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗ್ತದೆ. ಮೊದಲ ಖರ್ಚು ಎರಡು ಟ್ರ್ಯಾಕ್ಷನ್ ಬಾರ್. ಒಂದು ತುದಿ ಆಕ್ಸಲಿಗೆ, ಇನ್ನೊಂದು ಪಟ್ಟಿಯ ಮುಂದಿನ ಕಣ್ಣಿನ ಹತ್ತಿರ ಚಾಸಿಗೆ. ಸ್ಪ್ರಿಂಗ್ ಏರಿಳಿಯುವ ದಾರಿಗೂ ಬಾರ್ ತಿರುಗುವ ದಾರಿಗೂ ಜಗಳ ಆಗದ ಹಾಗೆ ಉದ್ದ ನೋಡಿಕೊಳ್ಳಿ.

ಡಿಫರೆನ್ಷಿಯಲ್ ವೆಲ್ಡ್ ಬೇಡವೇ ಬೇಡ. ಲಾಕ್ ಆದ ಆಕ್ಸಲಿನಲ್ಲಿ ಒಂದು ಚಕ್ರ ಹಿಡಿದು ಇನ್ನೊಂದು ಗಾಳಿಯಲ್ಲಿದ್ದರೆ ಪೂರ್ತಿ ಟಾರ್ಕ್ ಒಂದೇ ಶಾಫ್ಟಿಗೆ ಬರ್ತದೆ. ಅಂದರೆ ಶಾಫ್ಟಿನ ಭಾರ ದುಪ್ಪಟ್ಟು. ಚಾರ್ಮಾಡಿಯಂಥ ತಿರುವಿನಲ್ಲಿ ಒಳಚಕ್ರ, ಹೊರಚಕ್ರ ಒಂದೇ ವೇಗದಲ್ಲಿ ಉಜ್ಜಿಕೊಂಡೇ ತಿರುಗಬೇಕು. ಸಾಲದ್ದಕ್ಕೆ ಗಟ್ಟಿ ಹದದ ಗೇರಿನ ಮೇಲಿನ ವೆಲ್ಡ್ ಬಿರುಕು ಬಿಟ್ಟರೆ ತುಂಡು ಹೋಗಿ ಕೂರುವುದು ಕ್ರೌನ್ ವ್ಹೀಲಿನ ಹಲ್ಲಿಗೆ.

ಮಣಿಪಾಲ್_ಪಿನಿಯನ್:

ಅಮೆರಿಕದ ಆಕ್ಸಲ್ ಬಗ್ಗೆ. 1995ರಿಂದ 2001ರ ಫೋರ್ಡ್ ಎಕ್ಸ್‌ಪ್ಲೋರರಿನ 8.8 ಅವರಿಗೆ ಅಗ್ಗ, ಯಾಕೆಂದರೆ ಅಲ್ಲಿಯ ಗುಜರಿಯಲ್ಲಿ ಅದು ರಾಶಿ ಬಿದ್ದಿರ್ತದೆ. 8.8 ಇಂಚಿನ ಕ್ರೌನ್, 31 ಸ್ಪ್ಲೈನಿನ ಶಾಫ್ಟ್, ಡಿಸ್ಕ್ ಬ್ರೇಕ್ ಒಟ್ಟಿಗೆ ಬರ್ತದೆ. ಹಾಗಂತ ದೋಷ ಇಲ್ಲದ್ದಲ್ಲ. ಟ್ಯೂಬನ್ನು ಎರಕದ ಹೌಸಿಂಗಿಗೆ ಒತ್ತಿ ಕೂರಿಸಿ ಅಲ್ಲಲ್ಲಿ ಪ್ಲಗ್ ವೆಲ್ಡ್ ಮಾಡಿದ್ದು, ಹೆಚ್ಚು ಟಾರ್ಕಿಗೆ ಟ್ಯೂಬೇ ತಿರುಗ್ತದೆ. ಶಾಫ್ಟನ್ನು ಒಳಗೆ ಹಿಡಿದಿರುವುದು ಒಂದು ಸಿ ಕ್ಲಿಪ್, ಶಾಫ್ಟ್ ತುಂಡಾದರೆ ಚಕ್ರ ಸಮೇತ ಹೊರಗೆ ಬರ್ತದೆ. ಮಂಗಳೂರಿಗೆ ತರಿಸಿದರೆ ಸಾಗಾಟ, ಸುಂಕಕ್ಕೇ ನಿಮ್ಮ 60 ಸಾವಿರ ಸಾಲುವುದಿಲ್ಲ. ಬೇರಿಂಗ್ ಹೋದರೆ ಅದಕ್ಕೂ ಹಡಗು ಕಾಯಬೇಕು.

ಕಲಿಯಬೇಕಾದ್ದು ಅವರ ಆಯ್ಕೆಯ ಕ್ರಮ: ಏಳೆಂಟು ಜನರನ್ನು ಹೊತ್ತು ಓಡಿದ, ಎಲ್ಲ ಕಡೆ ಬಿಡಿಭಾಗ ಸಿಗುವ ಗಾಡಿಯ ಆಕ್ಸಲ್. ಇಲ್ಲಿ ಅದು ಕ್ವಾಲಿಸ್, ಟವೇರಾ, ಬೊಲೆರೊ. ಮೂರಕ್ಕೂ ಹಿಂದೆ ಪಟ್ಟಿ ಸ್ಪ್ರಿಂಗೇ ಇರುವುದರಿಂದ ನಿಮಗೆ ಕೆಲಸ ಕಡಿಮೆ. ಇನೋವಾ, ಮೊದಲ ಸ್ಕಾರ್ಪಿಯೊದ ಹೌಸಿಂಗಿನಲ್ಲಿ ಕಾಯಿಲ್ ಸ್ಪ್ರಿಂಗ್, ಲಿಂಕ್‌ಗಳ ಬ್ರ್ಯಾಕೆಟ್ ಉಂಟು, ಕತ್ತರಿಸಿ ತೆಗೆಯಬೇಕು.

ಗಾಡಿಯ ಹೆಸರು ನಂಬಿ ಹಣ ಕೊಡಬೇಡಿ, ಅಳೆದು ಕೊಡಿ. ವರ್ನಿಯರಿನಲ್ಲಿ ಸ್ಪ್ಲೈನ್ ಹೊರವ್ಯಾಸ, ಹಬ್ ಮುಖದಿಂದ ಹಬ್ ಮುಖಕ್ಕೆ ಅಗಲ, ಸ್ಟಡ್ ವೃತ್ತ (ಚಕ್ರದ ಬೋಲ್ಟ್‌ಗಳು ಕೂರುವ ವೃತ್ತ), ಪಿನಿಯನ್ ಮಧ್ಯದಿಂದ ಎಷ್ಟು ಸರಿದಿದೆ ಅನ್ನುವುದು. ಅನುಪಾತಕ್ಕೆ ಬಿಚ್ಚುವುದೇ ಬೇಡ: ಒಂದು ಹಬ್ ಅಲ್ಲಾಡದಂತೆ ಹಿಡಿಸಿ, ಇನ್ನೊಂದನ್ನು ಸರಿಯಾಗಿ 2 ಸುತ್ತು ತಿರುಗಿಸಿ, ಪಿನಿಯನ್ ಫ್ಲ್ಯಾಂಜ್ ಎಷ್ಟು ಸುತ್ತು ಬಂತೋ ಅದೇ ಅನುಪಾತ. ಎಣ್ಣೆ ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡಿ. ನಯವಾದ ಬೂದು ಕೆಸರು ಪರವಾಗಿಲ್ಲ, ಮಿನುಗುವ ಚೂರು ಸಿಕ್ಕಿದರೆ ಬಿಟ್ಟುಬಿಡಿ. ಹಾಲು ಚಹಾದ ಬಣ್ಣ ಇದ್ದರೆ ನೀರು ಹೋಗಿದೆ.

ಕಾಪು_ಕಡಲು:

ಕರಾವಳಿಯ ಗಾಡಿಯಾದರೆ ಹೌಸಿಂಗಿನ ಕೆಳಭಾಗ, ಸ್ಪ್ರಿಂಗ್ ಕೂರುವ ಜಾಗ ಎರಡನ್ನೂ ವೈರ್ ಬ್ರಷ್ ಹಾಕಿ ಸುತ್ತಿಗೆಯಲ್ಲಿ ತಟ್ಟಿ ನೋಡಿ. ಉಪ್ಪುಗಾಳಿಗೆ ಪದರ ಪದರ ಎದ್ದಿರ್ತದೆ, ಮೇಲಿಂದ ಬಣ್ಣ ಬಳಿದು ಮಾರ್ತಾರೆ. ಬ್ರೀದರ್ (ಆಕ್ಸಲಿನ ಗಾಳಿಕಿಂಡಿ) ಕಟ್ಟಿದ್ದರೆ ಬಿಸಿ ಆಕ್ಸಲ್ ಮಳೆನೀರಿಗೆ ಇಳಿದಾಗ ಸೀಲ್ ದಾರಿಯಲ್ಲಿ ನೀರು ಎಳೆದುಕೊಳ್ತದೆ. ಅಲ್ಲಿಂದ ಒಂದು ರಬ್ಬರ್ ಪೈಪ್ ಬಾಡಿಯ ಎತ್ತರಕ್ಕೆ ಕೊಂಡೊಯ್ಯಿರಿ. ಹತ್ತು ನಿಮಿಷದ ಕೆಲಸ.

ಕೂಳೂರು_ಅಂಬಿ:

ತುಂಬ ಉಪಕಾರ. ಸ್ಪ್ಲೈನ್ ಹಗ್ಗದ ಹಾಗೆಯೇ ತಿರುಚಿದೆ, ಹಾಗಾಗಿ ಟ್ರ್ಯಾಕ್ಷನ್ ಬಾರ್ ಮೊದಲು. ಗುಜರಿಯಲ್ಲಿ ಒಂದು ಆಕ್ಸಲ್ ಅಳೆದೆ: ಸ್ಪ್ಲೈನ್ 33 ಮಿ.ಮೀ., ಅನುಪಾತ 4.3, ಅಗಲ ನನ್ನದಕ್ಕಿಂತ 80 ಮಿ.ಮೀ. ಜಾಸ್ತಿ. ಟ್ಯೂಬ್ ಕತ್ತರಿಸಿ ಗಿಡ್ಡ ಮಾಡಿಸಬೇಕಾ? 4.3 ಜಾಸ್ತಿ ಆಯಿತಾ?

ಮಣಿಪಾಲ್_ಪಿನಿಯನ್:

ಕತ್ತರಿಸಬೇಡಿ. ಕತ್ತರಿಸಿದರೆ ಶಾಫ್ಟನ್ನೂ ಗಿಡ್ಡ ಮಾಡಿ ಹೊಸ ಸ್ಪ್ಲೈನ್ ಕೊರೆಯಬೇಕು. ಶಾಫ್ಟ್ ಮಧ್ಯಕ್ಕೆ ಹೋದ ಹಾಗೆ ಸಪೂರ ಆಗಿದ್ದರೆ ಅಲ್ಲಿ ಸ್ಪ್ಲೈನಿಗೆ ಲೋಹವೇ ಸಾಲುವುದಿಲ್ಲ, ಮೇಲ್ಮೈಯ ಹದವೂ ಹೋಗ್ತದೆ. ನೀವು ದುಡ್ಡು ಕೊಟ್ಟದ್ದೇ ಆ ಹದಕ್ಕೆ. 80 ಅಂದರೆ ಬದಿಗೆ 40 ಮಿ.ಮೀ. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖದ ದೂರ) 40 ಹೆಚ್ಚಿರುವ ರಿಮ್ ಹಾಕಿದರೆ ಟೈರು ಹಳೆಯ ಜಾಗಕ್ಕೇ ಬರ್ತದೆ. ರಿಮ್ಮಿನ ಒಳಗೆ ಡ್ರಮ್ಮಿಗೆ ಜಾಗ ಉಂಟಾ ನೋಡಿ. ಸ್ಟಡ್ ವೃತ್ತ ಮುಂದಿನದಕ್ಕೆ ಹೊಂದದಿದ್ದರೆ ಎರಡು ಬಗೆಯ ಸ್ಟೆಪ್ನಿ ಬೇಕಾಗ್ತದೆ.

4.3 ತೊಂದರೆ ಇಲ್ಲ. ಐದನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ.ಗೆ ಎಂಜಿನ್ ಸುಮಾರು 2940 ಸುತ್ತು, 3.7 ಆಗಿದ್ದರೆ 2530. ಆಟೋಕ್ರಾಸಿಗೆ 4.3 ಒಳ್ಳೆಯದೇ. ಇದ್ದ ಕ್ರೌನ್ ಪಿನಿಯನ್ ಚೆನ್ನಾಗಿದ್ದರೆ ಅನುಪಾತ ಬದಲಿಸಲು ಹೋಗಬೇಡಿ, ಆ ಹಣವನ್ನು ಬೇರಿಂಗ್, ಸೀಲಿಗೆ ಹಾಕಿ. ಕಟ್ಟುವಾಗ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಡಯಲ್ ಗೇಜಿನಲ್ಲಿ 0.15ರಿಂದ 0.20 ಮಿ.ಮೀ. ಒಳಗೆ ಬರಲಿ. ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಕಾಣಬೇಕು, ತುದಿಯಲ್ಲಿ ಕಂಡರೆ ಪಿನಿಯನ್ ಶಿಮ್ (ಸಂದಿಗೆ ಹಾಕುವ ಬಿಲ್ಲೆ) ದಪ್ಪ ಮಾಡಿ, ಬುಡದಲ್ಲಿ ಕಂಡರೆ ತೆಳು ಮಾಡಿ. ಕ್ರಶ್ ಸ್ಲೀವ್ (ಪಿನಿಯನ್ ಬೇರಿಂಗ್‌ಗಳ ನಡುವೆ ಅಮುಕಿ ಕೂರಿಸುವ ಕೊಳವೆ) ಇದ್ದರೆ ಹೊಸದೇ ಹಾಕಿ, ಒಮ್ಮೆ ಅಮುಕಿದ್ದು ಎರಡನೇ ಸಲಕ್ಕೆ ಬರುವುದಿಲ್ಲ. ಎಣ್ಣೆ 80ಡಬ್ಲ್ಯೂ-90 ಜಿಎಲ್-5. ಗೇರ್‌ಬಾಕ್ಸಿನ ಜಿಎಲ್-4 ಉಳಿದಿದೆ ಅಂತ ಇದಕ್ಕೆ ಸುರಿಯಬೇಡಿ, ಜಾರಿಕೊಂಡು ಕಚ್ಚುವ ಹೈಪಾಯ್ಡ್ ಹಲ್ಲಿಗೆ ಅದು ತಡೆಯುವುದಿಲ್ಲ. ಮೊದಲ 800 ಕಿ.ಮೀ. ಆದ ಮೇಲೆ ಎಣ್ಣೆ ಬದಲಿಸಿ.

ಬೈಕಂಪಾಡಿ_ಲೇತ್:

ಸ್ಪ್ರಿಂಗ್ ಕೂರುವ ಪ್ಯಾಡ್ ವೆಲ್ಡ್ ಮಾಡುವುದು ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಮೊದಲು ಟ್ಯಾಕ್ (ಚುಕ್ಕೆ ವೆಲ್ಡ್) ಮಾತ್ರ ಹಾಕಿ. ಗೇರ್‌ಬಾಕ್ಸಿನ ಹಿಂದಿನ ಮುಖಕ್ಕೂ ಪಿನಿಯನ್ ಮುಖಕ್ಕೂ ಕೋನ ಅಳೆದು ಸಮಾನಾಂತರಕ್ಕಿಂತ ಪಿನಿಯನ್ ಮೂತಿ 2 ಡಿಗ್ರಿ ಕೆಳಗೆ ಇರಲಿ, ಎಳೆಯುವಾಗ ಅದು ಮೇಲೆದ್ದು ಸರಿಯಾಗ್ತದೆ. ಆಮೇಲೆ ಆಕ್ಸಲ್ ಇಳಿಸಿ, ಶಾಫ್ಟ್, ಬೇರಿಂಗ್, ಸೀಲ್ ಎಲ್ಲ ತೆಗೆದು, 25 ಮಿ.ಮೀ. ವೆಲ್ಡ್, ತಣಿಯಲಿ, ಎದುರು ಬದಿಗೆ 25. ಒಂದೇ ಬದಿಯಲ್ಲಿ ಸಾಲಾಗಿ ಎಳೆದರೆ ಟ್ಯೂಬ್ ಬಾಗಿ ಹೊರಗಿನ ಬೇರಿಂಗ್ ತಿಂಗಳೊಳಗೆ ಕೂಗ್ತದೆ. ಯು ಬೋಲ್ಟ್ ಹೊಸದು. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಅಳೆಯುವುದು ಎಲ್ಲಕ್ಕಿಂತ ಕೊನೆಗೆ, ಸ್ಲಿಪ್ ಯೋಕಿಗೆ (ಗೇರ್‌ಬಾಕ್ಸಿನೊಳಗೆ ಜಾರುವ ಶಾಫ್ಟಿನ ತುದಿ) ಒಳಗೆ ಹೋಗಲು 20ರಿಂದ 25 ಮಿ.ಮೀ. ಜಾಗ ಬಿಟ್ಟು. ಕತ್ತರಿಸಿದ ಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು.

ಕಾಪು_ಕಡಲು:

ಬ್ರೇಕ್ ಮರೆಯಬೇಡಿ. ಹೊಸ ಆಕ್ಸಲಿನ ಡ್ರಮ್, ವ್ಹೀಲ್ ಸಿಲಿಂಡರ್ ದೊಡ್ಡದಿದ್ದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಮಳೆಯಲ್ಲಿ ಗಾಡಿ ತಿರುಗಿ ನಿಲ್ತದೆ. ಪ್ರಪೋರ್ಷನಿಂಗ್ ವಾಲ್ವ್ ಹಾಕಿ, ಖಾಲಿ ಜಾಗದಲ್ಲಿ ಒದ್ದೆ ನೆಲದ ಮೇಲೆ ಒತ್ತಿ ನೋಡಿ, ಮುಂದಿನದ್ದೇ ಮೊದಲು ಲಾಕ್ ಆಗುವವರೆಗೆ ಹಿಂದಿನ ಒತ್ತಡ ಇಳಿಸುತ್ತಾ ಬನ್ನಿ. ರಸ್ತೆಗೆ ಇಳಿಸುವುದಾದರೆ ವಾಹನ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಉಂಟು. ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ನಮೂದಾಗದಿದ್ದರೆ ವಿಮೆಯೂ ಕೈಕೊಡ್ತದೆ. ಅಲ್ಲಿಯವರೆಗೆ ಮೈದಾನಕ್ಕೆ ಟ್ರೈಲರಿನಲ್ಲೇ ಕೊಂಡೊಯ್ಯಿರಿ.