ಫಯೋಲ್‌ನ ‘ಗ್ಯಾಂಗ್ ಪ್ಲಾಂಕ್’ಗೆ ‘ಕಾಲುಸಂಕ’ ಅನ್ನಬಹುದೇ?

ಗೆಳೆಯರೇ,

ಸರ್ಕಾರಿ ಇಲಾಖೆಗಳು ತಮ್ಮತಮ್ಮಲ್ಲಿ ಹೇಗೆ ವ್ಯವಹರಿಸುತ್ತವೆ ಅನ್ನುವುದರ ಮೇಲೆ ಒಂದು ಪಾಠ ಬರೆಯುತ್ತಿದ್ದೇನೆ. ಒಂದು ಪದ ಮಾತ್ರ ಸರಿಯಾಗಿ ಕೂರುತ್ತಿಲ್ಲ.

ಫ್ರಾನ್ಸಿನ ಗಣಿ ಎಂಜಿನಿಯರ್ ಆನ್ರಿ ಫಯೋಲ್ 1916ರಲ್ಲಿ ಹೇಳಿದ 14 ಆಡಳಿತ ತತ್ವಗಳಲ್ಲಿ ಒಂದು, ಮೇಲಿಂದ ಕೆಳಗಿನವರೆಗಿನ ಅಧಿಕಾರದ ಸರಪಳಿ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ವಿವರಿಸುವ ಅಧಿಕಾರಶಾಹಿಯೂ ನಿಂತಿರುವುದು ಇಂಥ ಶ್ರೇಣಿಯ ಮೇಲೆಯೇ. ಇದಕ್ಕೆ ‘ಶ್ರೇಣಿ ಸರಪಳಿ’ ಸಾಕು. ತೊಡಕಿರುವುದು ಫಯೋಲ್ ಅದಕ್ಕೆ ಕೊಟ್ಟ ವಿನಾಯಿತಿಯಲ್ಲಿ. ಬೇರೆ ಬೇರೆ ಶಾಖೆಗಳಲ್ಲಿರುವ ಸಮಾನ ಹುದ್ದೆಯವರು ನೇರವಾಗಿ ಮಾತಾಡಿ ಕೆಲಸ ಮುಗಿಸಬಹುದು. ಆದರೆ ಇಬ್ಬರ ಮೇಲಧಿಕಾರಿಗಳೂ ಒಪ್ಪಿರಬೇಕು, ಆದದ್ದನ್ನು ಅವರಿಗೆ ತಿಳಿಸಬೇಕು.

ಮಳೆಗೆ ಮೋರಿ ಕುಸಿಯಿತು ಅನ್ನಿ. ಸರಪಳಿ ಹಿಡಿದೇ ಹೋದರೆ ತಹಶೀಲ್ದಾರರ ಪತ್ರ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳನ್ನು ಹಾದು, ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಮೇಜಿಗೆ ಹೋಗಿ, ಅಲ್ಲಿಂದ ಅದೇ ಊರಲ್ಲಿ ಕೂತಿರುವ ಸಹಾಯಕ ಕಾರ್ಯಪಾಲಕ ಎಂಜಿನಿಯರ್‌ಗೆ ಇಳಿಯಬೇಕು. ಹೋದಲ್ಲೆಲ್ಲ ‘ಮುಂದಿನ ಕ್ರಮಕ್ಕಾಗಿ’ ಅನ್ನುವ ಷರಾ ಬೇರೆ. ಇಬ್ಬರೂ ಫೋನಲ್ಲಿ ಮಾತಾಡಿಕೊಂಡು, ಆಮೇಲೆ ಕಡತಕ್ಕೊಂದು ಪತ್ರ ಸೇರಿಸಿದರೆ ಬೇಗ ಮುಗಿಯುತ್ತದೆ, ಅಲ್ವಾ?

ಈ ನೇರ ದಾರಿಗೆ 1949ರ ಇಂಗ್ಲಿಷ್ ಅನುವಾದದಲ್ಲಿ ‘ಗ್ಯಾಂಗ್ ಪ್ಲಾಂಕ್’ ಎಂದಿದೆ. ಅದು ಹಡಗು ಹತ್ತುವ ಹಲಗೆ. ಫಯೋಲ್ ಬಳಸಿದ ಫ್ರೆಂಚ್ ಪದ ‘ಪಾಸ್ರೆಲ್’. ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಮಲೆನಾಡು, ಕರಾವಳಿಯವರಿಗೆ ಇದು ಕಾಲುಸಂಕವೇ. ‘ಅಡ್ಡದಾರಿ’ ಅಂದರೆ ಕಳ್ಳತನದ ವಾಸನೆ ಬರುತ್ತದೆ, ಮೇಲಧಿಕಾರಿ ಒಪ್ಪಿದ ದಾರಿಗೆ ಅದು ಸಲ್ಲದು. ‘ಸಮತಲ ಸಂವಹನ’ ಪರೀಕ್ಷೆಗೆ ಸರಿ, ಆದರೆ ಅದರಲ್ಲಿ ಎರಡು ದಡವೂ ಕಾಣುವುದಿಲ್ಲ, ದಾಟುವುದೂ ಕಾಣುವುದಿಲ್ಲ.

ನನಗಿರುವ ಅನುಮಾನ ಎರಡು. ಬಯಲುಸೀಮೆಯ ವಿದ್ಯಾರ್ಥಿಗೆ ಕಾಲುಸಂಕ ಗೊತ್ತಿರುತ್ತದೆಯೇ? ಇನ್ನೊಂದು, ಪತ್ರಿಕೆಗಳಲ್ಲಿ ಈ ಪದ ಜಾಸ್ತಿ ಕಾಣುವುದು ಮಳೆಗಾಲದಲ್ಲಿ, ಶಾಲೆ ಮಕ್ಕಳು ಜೀವ ಕೈಯಲ್ಲಿ ಹಿಡಿದು ದಾಟುವ ಸುದ್ದಿಯ ಜೊತೆ. ಸರ್ಕಾರದ ಅಸಡ್ಡೆಗೆ ಗುರುತಾದ ಪದವನ್ನೇ ಅದರ ಜಾಣ ನಡೆಗೂ ಇಟ್ಟರೆ ಅರ್ಥ ಎಡವೀತೇ?

ಉತ್ತರ ಕರ್ನಾಟಕದ ಕಡೆ ಹಳ್ಳ ದಾಟಲು ಹಾಕುವ ಮರದ ದಿಮ್ಮಿಗೆ ಏನನ್ನುತ್ತೀರಿ? ಕಚೇರಿಯಲ್ಲಿ ಕೆಲಸ ಮಾಡಿದವರು, ಇಂಥ ನೇರ ಮಾತುಕತೆಗೆ ನಿಮ್ಮಲ್ಲೇ ರೂಢಿಯ ಪದವಿದ್ದರೆ ಅದನ್ನೂ ತಿಳಿಸಿ.