ಸ್ವಯಂ ನಿರ್ಣಯ ಅಂದ್ರ ದೇಶ ಒಡೆಯೋ ಮಾತೇನ್ರಿ?

ಮುಧೋಳದ ಹುಡುಗ:
ನಮ್ಮೂರು ಹಲಗಲಿ ಹತ್ರ. 1857ರಾಗ ಆಯುಧ ಒಪ್ಪಿಸ್ರಿ ಅಂದ ಕಂಪನಿ ಸರ್ಕಾರದ ಮ್ಯಾಲೆ ಬೇಡರು ತಿರುಗಿಬಿದ್ದದ್ದು ಅಲ್ಲೇ. ಮೊನ್ನೆ ಕಾಲೇಜಿನ್ಯಾಗ ಮೂಲನಿವಾಸಿಗಳ ಸ್ವಯಂ ನಿರ್ಣಯದ, ಅಂದ್ರ ತಮ್ಮ ಬದುಕಿನ ತೀರ್ಮಾನ ತಾವೇ ಮಾಡೋ ಹಕ್ಕಿನ ಬಗ್ಗೆ ಮಾತಾಡಾಕ ಎದ್ದೆ. ‘ಇದು ದೇಶ ಒಡೆಯೋ ಮಾತು’ ಅಂತ ಸರ್ ಕೂಡಿಸಿಬಿಟ್ರು. ಮೂಲನಿವಾಸಿಗಳ ಹಕ್ಕಿನ ಬಗ್ಗೆ ವಿಶ್ವಸಂಸ್ಥೆ ಮಾಡಿದ ಘೋಷಣೆಗೆ ಭಾರತನೂ ಕೈ ಎತ್ತಿತ್ತಲ್ರಿ?

ಬೆಳಗಾವಿ ವಕೀಲ:
ಎತ್ತಿತ್ತು. 2007ರ ಸೆಪ್ಟೆಂಬರ್ 13, ಪರ 144, ವಿರೋಧ 4. ಆದ್ರ ಸ್ವಯಂ ನಿರ್ಣಯ ಅನ್ನೋದು ಪರಕೀಯರ ಆಳ್ವಿಕೆಯಲ್ಲಿರೋ ಜನಕ್ಕಷ್ಟೇ ಅಂತ ಭಾರತ ಅಲ್ಲೇ ಹೇಳೈತಿ. ನಿಮ್ಮ ಸರ್ ಆ ಘೋಷಣೆಯ 46ನೇ ವಿಧಿ ಓದಿಲ್ಲ. ದೇಶದ ಅಖಂಡತೆ ಕೆಡಿಸಾಕ ಇದನ್ನ ಬಳಸಬ್ಯಾಡ್ರಿ ಅಂತ ಅದರಾಗೇ ಐತಿ.

ಖಾನಾಪುರದಾಂವ:
ತಮ್ಮಾ, ನಾ ಕಂಡದ್ದು ಹೇಳ್ತೀನಿ. ನಮ್ಮ ಕಾಡಿನಂಚಿನ ಸಿದ್ದಿ ಮಂದಿಗೆ ಅರಣ್ಯ ಹಕ್ಕಿನ ಅರ್ಜಿ ಬರಕೊಡ್ತಿದ್ದೆ. ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2020ರಾಗ. ಅಲ್ಲೀತನಕ 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ 75 ವರ್ಷ ಇದ್ದದ್ದಕ್ಕ ಪುರಾವೆ ಬೇಕಿತ್ತು. ಕಾಡಿನ ಮಂದಿ ಹಂತೇಲಿ ಕಾಗದ ಎಲ್ಲಿಂದ ಬರಬೇಕ್ರಿ? ಒಬ್ಬ ಮುದುಕ ಇದ್ದಲಿಯಿಂದ ನೆಲದ ಮ್ಯಾಲೆ ನಕಾಶೆ ಬರದ: ಬಾವಿ ಇಲ್ಲಿ, ಅವ್ವನ್ನ ಹೂಳಿದ್ದು ಇಲ್ಲಿ, ದೇವರ ಕಲ್ಲು ಅಲ್ಲಿ. ಅದನ್ನ ಹಾಳಿಗೆ ಇಳಿಸಿ ಕೊಟ್ಟೆ. ಸರ್ವೆ ನಂಬರ್ ಇಲ್ಲಂತ ಕಚೇರಿಯಾಂವ ತಿರುಗಿ ಒಗದ. ಹಿರಿಯರ ಹೇಳಿಕೆ, ಬಾವಿ, ಸ್ಮಶಾನ ಎಲ್ಲಾ ಪುರಾವೆನೇ ಅಂತ ಆ ಕಾಯ್ದೆಯ ನಿಯಮ 13ರಾಗ ಐತಿ. ಅದರ ಪ್ರತಿ ಒಯ್ದು ಟೇಬಲ್ ಮ್ಯಾಲಿಟ್ಟಾಗ ಅರ್ಜಿ ತಗೊಂಡ್ರು.

ಮುಧೋಳದ ಹುಡುಗ:
ಇದು ಭೂಮಿ ಹಕ್ಕಾತು ಕಾಕಾ. ನಿರ್ಣಯ ಎಲ್ಲಿ ಬಂತು?

ಖಾನಾಪುರದಾಂವ:
ಅರ್ಜಿ ಮೊದಲ ಹೋಗೋದು ಗ್ರಾಮಸಭೆ ಮುಂದ, ಊರ ಮಂದಿ ತಾವೇ ಕೂಡಿ ಠರಾವು ಮಾಡೋದು ಅಲ್ಲೇ. ಒಡಿಶಾದ ನಿಯಮಗಿರಿ ಬೆಟ್ಟ ನೋಡು. ಬಾಕ್ಸೈಟ್ ಗಣಿ ಬೇಕೋ ಬ್ಯಾಡೋ ಗ್ರಾಮಸಭೆನ ಕೇಳ್ರಿ ಅಂತ 2013ರಾಗ ಸುಪ್ರೀಂ ಕೋರ್ಟ್ ಹೇಳ್ತು. ಅಲ್ಲಿನ ಡೋಂಗ್ರಿಯಾ ಕೋಂಧ ಆದಿವಾಸಿಗಳ ಸೀಮೆಯ 12 ಹಳ್ಳಿ ಕೂಡಿದ್ವು, ಹನ್ನೆರಡೂ ಬ್ಯಾಡ ಅಂದ್ವು. ದೇಶ ಒಡೀಲಿಲ್ಲ, ಗಣಿ ನಿಂತ್ತು. ನಮ್ಮ ಕಡೆ ಸಭಾ ಅಂದ್ರ ಮೊದಲ ಸಹಿ, ಆಮ್ಯಾಲೆ ಠರಾವು. ಆ ಮುದುಕ ಮಾತ್ರ ‘ಮೊದಲ ಓದಿ ಹೇಳ್ರಿ’ ಅಂತ ಹೆಬ್ಬೆರಳು ಮಡಚಿಕೊಂಡು ಕುಂತಿದ್ದ.