ರೋಗಿಗಳ ರಿಪೋರ್ಟ್ ವಾಟ್ಸಾಪ್‌ನಲ್ಲಿ ಕಳಿಸುವ ಸಣ್ಣ ಲ್ಯಾಬ್: ಮೊದಲು ಏನನ್ನು ಬಿಗಿ ಮಾಡಬೇಕು?

ರಕ್ತಬಿಂದು

ತಾಲ್ಲೂಕು ಕೇಂದ್ರದ ಲ್ಯಾಬ್, ದಿನಕ್ಕೆ 50–60 ರೋಗಿಗಳು. ಕೌಂಟರ್‌ನಲ್ಲಿ ಒಂದು ವಿಂಡೋಸ್ 10 ಕಂಪ್ಯೂಟರ್, ಮೂವರಿಗೂ ಒಂದೇ ಲಾಗಿನ್. ರಿಪೋರ್ಟ್ ಪಿಡಿಎಫ್ ಕೌಂಟರ್ ಫೋನಿನ ವಾಟ್ಸಾಪ್‌ನಿಂದ ಹೋಗುತ್ತೆ, ಪಾಸ್‌ವರ್ಡ್ ರೋಗಿ ಹುಟ್ಟಿದ ವರ್ಷ. ಸಾಫ್ಟ್‌ವೇರ್‌ನವರು ಕೊಟ್ಟ ಲಿಂಕ್‌ನಿಂದಲೂ ಇಳಿಸಿಕೊಳ್ಳಬಹುದು. ಬ್ಯಾಕಪ್ ಹಾರ್ಡ್ ಡಿಸ್ಕ್ ಸದಾ ಸಿಕ್ಕಿಸಿಯೇ ಇರುತ್ತೆ. ದೊಡ್ಡ ಖರ್ಚು ಆಗಲ್ಲ. ಎಲ್ಲಿಂದ ಶುರು ಮಾಡೋದು?

ಬೀಗದಕೈ

ಆ ಲಿಂಕ್‌ನಿಂದ. ಇವತ್ತೇ ಪರೀಕ್ಷಿಸಿ. ಡಮ್ಮಿ ಹೆಸರಲ್ಲಿ ಒಂದರ ಹಿಂದೊಂದು ಎರಡು ರಿಪೋರ್ಟ್ ಮಾಡಿ. ಮೊದಲನೆಯದರ ಲಿಂಕ್ ತೆರೆದು, ಮೇಲಿನ ವಿಳಾಸದ ಕೊನೆಯಲ್ಲಿ 41 ಇದ್ದರೆ 42 ಮಾಡಿ ಎಂಟರ್ ಒತ್ತಿ. ಎರಡನೆಯ ರಿಪೋರ್ಟ್ ತೆರೆದುಕೊಂಡಿತೋ, ನಿಮ್ಮ ಲ್ಯಾಬ್‌ಗೆ ಬಂದವರೆಲ್ಲರ ರಿಪೋರ್ಟೂ ಬಯಲಲ್ಲಿ ಬಿದ್ದಿದೆ. ಇದಕ್ಕೆ ಹ್ಯಾಕರೇ ಬೇಕಿಲ್ಲ, ಎಣಿಸಲು ಬಂದರೆ ಸಾಕು. ಲಿಂಕ್‌ನಲ್ಲಿ ಕ್ರಮಸಂಖ್ಯೆ ಬೇಡ, ಊಹಿಸಲಾಗದ 128 ಬಿಟ್ ಟೋಕನ್ (ಅಡ್ಡಾದಿಡ್ಡಿ ಅಕ್ಷರ–ಅಂಕಿಗಳ ಉದ್ದನೆಯ ಸಾಲು) ಹಾಕಿ, ತೆರೆಯುವಾಗ ಓಟಿಪಿ ಕೇಳಲಿ, ಏಳು ದಿನಕ್ಕೆ ಲಿಂಕ್ ಸತ್ತುಹೋಗಲಿ ಎಂದು ಸಾಫ್ಟ್‌ವೇರ್‌ನವರಿಗೆ ಬರಹದಲ್ಲೇ ಕೊಡಿ. ಅವರು ಮಾಡಿಕೊಡುವ ತನಕ ಲಿಂಕ್ ಬಂದ್.

ಇನ್ನು ಪಾಸ್‌ವರ್ಡ್. ಹುಟ್ಟಿದ ವರ್ಷವೆಂದರೆ ಹೆಚ್ಚುಕಮ್ಮಿ ನೂರು ಸಾಧ್ಯತೆ, ಪೂರ್ತಿ ಜನ್ಮದಿನಾಂಕವಾದರೂ ನೂರು ವರ್ಷಕ್ಕೆ 36,500 ಚಿಲ್ಲರೆ. ಬ್ಯಾಂಕ್ ಆ್ಯಪ್‌ನಂತೆ ಮೂರು ಸಲ ತಪ್ಪಿದರೆ ಲಾಕ್ ಆಗುವ ವ್ಯವಸ್ಥೆ ಪಿಡಿಎಫ್‌ನಲ್ಲಿಲ್ಲ. ಫೈಲ್ ಕೈಗೆ ಸಿಕ್ಕವನು ಪ್ರೋಗ್ರಾಂ ಹಚ್ಚಿದರೆ ಕೆಲವೇ ನಿಮಿಷದ ಕೆಲಸ. ಪ್ರತಿ ರಿಪೋರ್ಟ್‌ಗೂ 10 ಅಕ್ಷರದ ಬೇರೆ ಬೇರೆ ಕೋಡ್ ಹುಟ್ಟಿಸಿ, ರಕ್ತ ಕೊಟ್ಟಾಗ ಕೈಗೆ ಕೊಡುವ ರಸೀದಿಯಲ್ಲಿ ಮುದ್ರಿಸಿ. ಅದೇ ಕೋಡನ್ನು ಮತ್ತೆ ವಾಟ್ಸಾಪ್‌ನಲ್ಲಿ ಹಾಕಬೇಡಿ. ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಇರುತ್ತೆ ಅನ್ನೋದೂ ಗಮನದಲ್ಲಿರಲಿ: ತೆರೆಯಲು ಒಂದು, ಪ್ರಿಂಟ್–ತಿದ್ದುಪಡಿ ತಡೆಯಲು ಇನ್ನೊಂದು. ಎರಡನೆಯದನ್ನು ಮಾತ್ರ ಹಾಕಿದ್ದರೆ ಫೈಲ್ ಯಾರಿಗಾದರೂ ತೆರೆದುಕೊಳ್ಳುತ್ತೆ.

ತಂತಿಬೇಲಿ

ವಾಟ್ಸಾಪ್‌ನಲ್ಲಿ ಸಂದೇಶ ದಾರಿಯುದ್ದಕ್ಕೂ ಎನ್‌ಕ್ರಿಪ್ಟ್ ಆಗಿಯೇ (ನಡುವೆ ಯಾರಿಗೂ ಓದಲಾಗದ ಗುಪ್ತರೂಪದಲ್ಲಿ) ಹೋಗುತ್ತೆ, ಸೋರುವುದು ಎರಡು ತುದಿಯಲ್ಲಿ. ಕೌಂಟರ್ ಫೋನಿನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿ. ಕೆಲಸ ಬಿಟ್ಟವರ ಲ್ಯಾಪ್‌ಟಾಪ್ ಅಲ್ಲಿ ಇನ್ನೂ ಇದ್ದರೆ ಇವತ್ತಿನ ರಿಪೋರ್ಟೂ ಅವರಿಗೆ ಕಾಣುತ್ತೆ. ಗುರುತಿಲ್ಲದ್ದನ್ನೆಲ್ಲ ಲಾಗೌಟ್ ಮಾಡಿ. ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ, ಇಲ್ಲವಾದರೆ ಡಾಕ್ಟರ್ ಚೀಟಿಯ ಫೋಟೋಗಳು ಗ್ಯಾಲರಿಗೆ ಬಂದು ಅಲ್ಲಿಂದ ಯಾರದೋ ಗೂಗಲ್ ಫೋಟೋಸ್‌ಗೆ ಏರಿ ಕೂರುತ್ತವೆ. ಆರು ಅಂಕಿಯ ಟು-ಸ್ಟೆಪ್ ಪಿನ್ (ಈ ನಂಬರಿನ ವಾಟ್ಸಾಪ್ ಬೇರೆ ಫೋನಿನಲ್ಲಿ ಶುರು ಮಾಡುವಾಗ ಕೇಳುವ ಪಿನ್) ಹಾಕಿ, ಚಾಟ್ ಬ್ಯಾಕಪ್‌ಗೂ ಎನ್‌ಕ್ರಿಪ್ಷನ್ ಆನ್ ಮಾಡಿ.

ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ‘ಈ ನಂಬರ್ ಯಾರದು?’ ಅನ್ನೋ ಪ್ರಶ್ನೆ. ನಮ್ಮ ಕಡೆ ಎಷ್ಟೋ ಮನೆಗೆ ಒಂದೇ ನಂಬರ್. ಸೊಸೆಯ ಗರ್ಭಪರೀಕ್ಷೆಯ ಫಲಿತಾಂಶ ಮೈದುನನ ಫೋನಿಗೆ ಹೋಗಿ ಬೀಳುತ್ತೆ. ಹೆಸರು ಬರೆಸುವಾಗಲೇ ‘ರಿಪೋರ್ಟ್ ಈ ಫೋನಿಗೆ ಕಳಿಸಬಹುದಾ, ಇಲ್ಲಾ ನೀವೇ ಬಂದು ತಗೋತೀರಾ?’ ಎಂದು ರೋಗಿಯನ್ನೇ, ಮೆಲ್ಲಗೆ ಕೇಳಿ. ಮೊದಲು ಬರೀ ‘ನಮಸ್ಕಾರ’ ಅಂತ ಒಂದು ಸಂದೇಶ ಕಳಿಸಿ ಎದುರಿಗೇ ಬಂತಾ ನೋಡಿಕೊಂಡರೆ ಒಂದಂಕಿ ತಪ್ಪಿ ಬೇರೆಯವರಿಗೆ ಹೋಗುವುದೂ ತಪ್ಪುತ್ತೆ. ಎಚ್‌ಐವಿ ರಿಪೋರ್ಟಂತೂ ಫೋನಿಗೆ ಬೇಡವೇ ಬೇಡ. 2017ರ ಎಚ್‌ಐವಿ–ಏಡ್ಸ್ ಕಾಯ್ದೆಯಲ್ಲಿ ಒಪ್ಪಿಗೆಗೂ ಗೋಪ್ಯತೆಗೂ ಕಟ್ಟುನಿಟ್ಟಿನ ನಿಯಮವಿದೆ, ಪರೀಕ್ಷೆಯ ಹಿಂದೆ–ಮುಂದೆ ಕೌನ್ಸೆಲಿಂಗ್ ಆಗಬೇಕು. ಆ ಹಾಳೆ ಆ ವ್ಯಕ್ತಿಯ ಕೈಗೇ ಸೇರಲಿ.

ಬೀಗದಕೈ

ಹಾರ್ಡ್ ಡಿಸ್ಕ್ ಸದಾ ಸಿಕ್ಕಿಸಿದ್ದರೆ ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ, ಬಿಡಿಸಲು ಹಣ ಕೇಳುವ ವೈರಸ್) ಬಂದಾಗ ಅದೂ ಜೊತೆಯಲ್ಲೇ ಲಾಕ್ ಆಗುತ್ತೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಇಂಥದ್ದೇ ದಾಳಿಯಾಗಿ ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು. ಎರಡು ಡಿಸ್ಕ್ ಇಟ್ಟುಕೊಳ್ಳಿ, ಸಂಜೆ ಒಂದಕ್ಕೆ ಕಾಪಿ, ಮುಗಿದ ಕೂಡಲೇ ಕಿತ್ತು ಬೀರುವಿಗೆ, ಮರುದಿನ ಇನ್ನೊಂದು. ಎರಡಕ್ಕೂ ಎನ್‌ಕ್ರಿಪ್ಷನ್ ಇರಲಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ರೀಸ್ಟೋರ್ ಮಾಡಿ ಒಂದು ಹಳೇ ರಿಪೋರ್ಟ್ ತೆರೆದು ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದನ್ನೂ ಬದಲಿಸಬೇಕು. ಮೂವರಿಗೂ ಬೇರೆ ಬೇರೆ ಲಾಗಿನ್ ಕೊಡಿ, ಇಲ್ಲವಾದರೆ ಯಾರು ಯಾವ ರಿಪೋರ್ಟ್ ತೆರೆದರು ಅನ್ನೋದೇ ಗೊತ್ತಾಗಲ್ಲ.

ರಕ್ತಬಿಂದು

ಲಿಂಕ್ ಪರೀಕ್ಷಿಸಿದೆ. 42 ತೆರೆದುಕೊಂಡಿತು. ಬಂದ್ ಮಾಡಿಸಿದ್ದೇನೆ. ಇನ್ನೊಂದು: ರಿಪೇರಿಗೆ ಎನಿಡೆಸ್ಕ್ (ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಸದಾ ಆನ್ ಇರಲಿ ಅಂತಾರೆ ಸಾಫ್ಟ್‌ವೇರ್‌ನವರು.

ತಂತಿಬೇಲಿ

ಒಪ್ಪಬೇಡಿ. ‘ಅನ್‌ಅಟೆಂಡೆಡ್ ಆ್ಯಕ್ಸೆಸ್’ (ಈ ಕಡೆ ಯಾರೂ ಒಪ್ಪದೆಯೇ ಅವರು ಒಳಬರುವ ಅವಕಾಶ) ತೆಗೆದುಹಾಕಿ. ಅವರು ಫೋನ್ ಮಾಡಿದಾಗ ನೀವೇ ತೆರೆಯಿರಿ, ಕೆಲಸ ಮುಗಿಯುವ ತನಕ ಪರದೆ ಮುಂದೆ ಕೂತಿರಿ, ಆಮೇಲೆ ಮುಚ್ಚಿ. ಲಿಂಕ್ ಎಷ್ಟು ದಿನ ತೆರೆದಿತ್ತು, ಯಾವ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಸಾಲಾಗಿ ನಂಬರ್ ತೆರೆಯಲಾಗಿದೆ ಅನ್ನೋ ಸರ್ವರ್ ಲಾಗ್ ಅವರಿಂದ ಈಗಲೇ ತರಿಸಿಕೊಳ್ಳಿ, ಅಳಿಸಿಹೋಗುವ ಮುಂಚೆ. ಯಾರೋ ಇಳಿಸಿಕೊಂಡಿರುವುದು ಕಂಡರೆ, ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು.